ಎಡಗಾಲಿನ ಎರಡು ಗುರುತು

ಬೆಳಿಗ್ಗೆ ಎಂಟೂವರೆ. ಅಂಕೋಲೆಯ ಸರಕಾರಿ ದವಾಖಾನೆಯ ಕುರ್ಚಿಯಲ್ಲಿ ನಾನಿನ್ನೂ ಸಾಂಗವಾಗಿ ಪ್ರತಿಷ್ಠಾಪನೆಗೊಂಡಿರಲಿಲ್ಲ. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಸ್ಟೆತಾಸ್ಕೋಪು. ಬಾಳೆಗುಳಿ ಕಡೆಯಿಂದ ಒಂದು ಟೆಂಪೊ ಬಂದು ಅಂಗಳದಲ್ಲಿ ನಿಂತಿತು. ಒಳಗೆ ಒಬ್ಬ ಹೆಂಗಸು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಗಂಡ.

ಗಂಡನನ್ನು ನಾನು ಚೆನ್ನಾಗಿ ಬಲ್ಲೆ. ಅಂಕೋಲೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಥಿಯೇಟರಿನ ಸಹಾಯಕ. ಅರಿವಳಿಕೆ ವೈದ್ಯರು ಕೈ ಚಾಚಿದರೆ ಸಾಕು, ಬೇಕಾದ ಸಿರಿಂಜು ಕೈಯಲ್ಲಿರುತ್ತಿತ್ತು. ನಮ್ಮ ಸರಕಾರಿ ಶಿಬಿರಗಳಿಗೂ ಬಂದು, ಕೇಳದೆಯೇ ಕೆಲಸ ಮಾಡಿ, ಕಾಸು ಕೇಳದೆಯೇ ಹೋದವನು. ವೈದ್ಯಕುಲದ ಹೊರಜಗುಲಿಯವನು ಅನ್ನಿ, ನಮ್ಮವನೇ.

"ಹಾವು ಸರ್," ಅಂದ. "ಬೆಳಗಿನ ಜಾವ ಹಿತ್ತಲಲ್ಲಿ ಕಟ್ಟಿಗೆ ತರೋಕೆ ಹೋಗಿದ್ಲು. ಬಂದು ಮಲಗಿದೋಳು ಏಳಲೇ ಇಲ್ಲ."

ನೋಡಿದೆ. ಪ್ರಾಣ ಹೋಗಿ ಎರಡು ಗಂಟೆಯಾದರೂ ಆಗಿತ್ತು. ಎಡಗಾಲಿನ ಒಳಗಂಟಿನ ಮೇಲೆ ಎರಡು ಸಣ್ಣ ತೂತು, ಸುತ್ತ ಒಂದು ರೂಪಾಯಿ ನಾಣ್ಯದಗಲ ನೀಲಿಗಟ್ಟಿದ ಕಲೆ. ಇಪ್ಪತ್ತೇಳು ವರ್ಷಗಳ ನನ್ನ ಸರಕಾರಿ ಅನುಭವವು ಗಂಟಲು ಸರಿಪಡಿಸಿಕೊಂಡು, 'ಹಾವಿನ ಕಡಿತ' ಎಂದು ಘೋಷಿಸಿತು. ಅದನ್ನು ಕಾಗದಕ್ಕಿಳಿಸಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ.

ನಿಯಮದ ಪ್ರಕಾರ ಶವಪರೀಕ್ಷೆ ಆಗಬೇಕು. ಆದರೆ ಸುದ್ದಿ ತಿಳಿದು ಹಿಲ್ಲೂರಿನಿಂದ ಓಡಿ ಬಂದ ಹೆಂಗಸಿನ ಸೋದರಮಾವ ಕೈಮುಗಿದು, "ಕುಯ್ಯೂದೊಂದ್ ಬ್ಯಾಡ ಡಾಕ್ಟ್ರೇ, ಹಂಗೇ ಕೊಡಿ" ಅಂದ. ಗದ್ದೆ ಕೆಲಸ, ಕೂಲಿ ಕೆಲಸ ಎರಡನ್ನೂ ಮಾಡಿ ಒಣಗಿದ ಕೈ. ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ನನ್ನ ಮುಖ ನೋಡಿದ. ನಾನು ನನ್ನ ಸರ್ಟಿಫಿಕೇಟಿನ ಮುಖ ನೋಡಿದೆ. ಅದರಲ್ಲಿ ಸಂಶಯದ ಒಂದು ಗೆರೆಯೂ ಇರಲಿಲ್ಲ. ಕೊಟ್ಟುಬಿಟ್ಟೆವು.

ಆಮೇಲೆ ಅಂಗಳದಲ್ಲಿ ಸಣ್ಣ ವಾದವಾಯಿತು. ಗಂಡ, "ಬಾಳೆಗುಳೀಲೇ ಸ್ಮಶಾನ ಉಂಟು ಮಾವ, ಕಟ್ಟಿಗೆಗೂ ಹೇಳಿಯಾಗಿದೆ. ಸುಟ್ಟುಬಿಡೋಣ" ಅಂದ.

ಮಾವ ತಲೆಯಾಡಿಸಿದ. "ನಮ್ಮನೀಲಿ ಹಾವು ಮುಟ್ಟಿದವ್ರನ್ನ ಸುಡೂದಿಲ್ಲ. ಮಣ್ಣಿಗೇ ಕೊಡೂದು. ಹಿಲ್ಲೂರಿಗೇ ತಕಂಡೋಗೂದು."

"ಅದೆಲ್ಲ ಹಳೇ ನಂಬಿಕೆ ಮಾವ."

"ಹಳೇದಾದ್ರೂ ನಮ್ದೇ."

ಇಲ್ಲಿ ನಾನು ಮಧ್ಯೆ ಪ್ರವೇಶಿಸಿ, ಆಧುನಿಕ ವಿಜ್ಞಾನದ ಅಧಿಕೃತ ಪ್ರತಿನಿಧಿಯಾಗಿ, ದಹನವೇ ಆರೋಗ್ಯಕರವೆಂದು ಸಣ್ಣ ಉಪನ್ಯಾಸ ಕೊಟ್ಟೆ. ಮಾವ ಪೂರ್ತಿ ಕೇಳಿಸಿಕೊಂಡ. ಕೇಳಿದ ಮೇಲೆ ಹೆಣವನ್ನು ಟೆಂಪೊಗೆ ಹಾಕಿಸಿಕೊಂಡು ಹಿಲ್ಲೂರಿಗೆ ಹೊರಟೇಬಿಟ್ಟ. ನನ್ನ ವೃತ್ತಿಜೀವನದಲ್ಲಿ ಯಾರೂ ನನ್ನ ಸಲಹೆಯನ್ನು ಇಷ್ಟು ಉಪಯುಕ್ತವಾಗಿ ತಿರಸ್ಕರಿಸಿಲ್ಲ.

ಹನ್ನೆರಡು ದಿನದ ಮೇಲೆ, ಹೊರರೋಗಿಗಳ ಸಾಲು ಕರಗಿದ ನಂತರ, ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಳು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು. ಕಂಕುಳಲ್ಲಿ ಎರಡು ವರ್ಷದ ಮಗು. ಸತ್ತವಳ ತಂಗಿ ತಾನು, ಮಗು ಅಕ್ಕನದು ಅಂದಳು. ಕೂರು ಅಂದರೆ ಕೂರಲಿಲ್ಲ.

"ಯಾವ ಹಾವು ಡಾಕ್ಟ್ರೇ?"

"ಎಂತದು?"

"ಅಕ್ಕಂಗೆ ಕಚ್ಚಿದ್ದು. ನೀವ್ ಬರ್ದೀರಲ್ಲ. ಯಾವ ಹಾವು?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಇಷ್ಟದ ಕೆಲಸ. ಕಟ್ಟುಹಾವು ಕಚ್ಚಿದರೆ ಕಾಲು ಊದುವುದಿಲ್ಲ, ಕಲೆ ಬೀಳುವುದಿಲ್ಲ, ನರಗಳು ಸೋತು ಉಸಿರು ನಿಲ್ಲುತ್ತದೆ. ನಾಗರವಾದರೆ ಕಾಲು ಊದಿ ಉರಿಯುತ್ತದೆ, ರೆಪ್ಪೆ ಜೋತು ಮಾತು ತೊದಲುತ್ತದೆ, ಮನೆಯವರಿಗೆ ತಿಳಿಯದೆ ಇರುವುದಿಲ್ಲ. ಮಂಡಲದ ಹಾವಾದರೆ ಕಚ್ಚಿದ ಜಾಗ ನೀಲಿಗಟ್ಟಿ ಊದುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ, ಸಾಯಲು ಹೊತ್ತು ಹಿಡಿಯುತ್ತದೆ, ನೋವಿಗೆ ಊರೇ ಕೇಳುವಂತೆ ಕೂಗುತ್ತಾರೆ. ಇಷ್ಟು ಹೇಳಿ ನಿಂತೆ. ನಿಲ್ಲಲೇಬೇಕಾಯಿತು. ನಾನು ಕಂಡ ಹೆಣದಲ್ಲಿ ಮಂಡಲದ ಕಲೆ ಇತ್ತು, ಕಟ್ಟುಹಾವಿನ ಸಾವಿತ್ತು. ಅಂಥ ಹಾವನ್ನು ದೇವರು ಇನ್ನೂ ಸೃಷ್ಟಿಸಿಲ್ಲ.

"ಓತಿಕ್ಯಾತ ಕಂಡ್ರೂ ಕೂಗೂ ಜೀವ ಅದು," ಅಂದಳು ಹುಡುಗಿ. "ಹಾವು ಕಚ್ಚಿದ್ ಮೇಲೆ ಸುಮ್ಗೆ ಬಂದು ಮಲಗ್ತಿತ್ತಾ?"

"ಬಳಲಿಕೆ ಇತ್ತೇನೋ."

"ಬಳಲಿಕೆಗೆ ಭಾವ ವಾರಕ್ಕೊಂದ್ ಶಕ್ತಿ ಇಂಜೆಕ್ಷನ್ ಕೊಡ್ತಿದ್ದ. ಮತ್ತೆ ಹೆಂಗೆ ಬಳಲಿಕೆ?" ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಮಾವ, ದೊಡ್ಡವ್ರೆಲ್ಲಾ ಸೇರಿ ಮಾತಾಡ್ಕಂಡಿದ್ರು. ಮಗೀಗೆ ತಾಯಿ ಬೇಕಂಬ್ರು. ನನ್ನ ಅವಂಗೇ ಕೊಡೂದಂತೆ. ಮಳಿಗಾಲ ಹಿಡ್ಯೂದ್ರೊಳಗೆ."

"ನಿನಗೆ ಇಷ್ಟ ಇಲ್ಲವಾ?"

"ನಂಗೆ ಹೆದರ್ಕೆ," ಅಂದಳು. ಆಮೇಲೆ, ನನಗೆ ಅರ್ಥವಾಗಲಿಲ್ಲವೆಂಬಂತೆ, ನಿಧಾನ ಮಾಡಿ ಹೇಳಿದಳು. "ಅಕ್ಕನ ದಿನ ಮುಗ್ದದ್ದೇ ಸೈ, ಅವ ನಂಗೆ 'ನಿಂಗೂ ರಕ್ತ ಕಮ್ಮಿ ಕಾಣ್ತದೆ, ಇಂಜೆಕ್ಷನ್ ಕೊಡ್ಲಾ' ಕೇಳ್ದ."

ಅವಳು ಹೋದ ಮೇಲೆ ಆ ಎರಡು ತೂತು ನನ್ನ ಮೇಜಿನ ಮೇಲೇ ಬಂದು ಕೂತವು. ಹಲ್ಲುಗಳು ಅಕ್ಕಪಕ್ಕ ಕೂರುತ್ತವೆ. ಇವು ಒಂದರ ಹಿಂದೆ ಒಂದು ಕೂತಿದ್ದವು, ಉದ್ದಕ್ಕೆ. ಒಳಗಂಟಿನ ಮುಂದೆ ಒಂದು ದಪ್ಪ ರಕ್ತನಾಳ ಮೇಲಕ್ಕೆ ಹೋಗುತ್ತದೆ; ಕೈಯಲ್ಲಿ ನಾಳ ಸಿಗದ ರೋಗಿಗೆ ನಾವು ಸೂಜಿ ಹಾಕುವುದು ಅಲ್ಲಿ. ಮೊದಲ ಸಲ ತಪ್ಪಿದರೆ ಅದರ ನೇರದಲ್ಲೇ ಸ್ವಲ್ಪ ಮೇಲೆ ಎರಡನೇ ಸಲ. ತಪ್ಪಿದ ಕಡೆ ರಕ್ತ ಸೋರಿ ನೀಲಿ ಕಲೆ. ನಾನೇ ನೂರಾರು ಸಲ ಮಾಡಿದ ಕಲೆ ಅದು, ಅದನ್ನೇ ಹಾವಿನ ಲೆಕ್ಕಕ್ಕೆ ಬರೆದಿದ್ದೆ.

ಮರುದಿನ ರಜೆ ಹಾಕಿ ಕಾರವಾರಕ್ಕೆ ಹೋದೆ. ಅಲ್ಲಿ ಶವಪರೀಕ್ಷೆ ಮಾಡುವ ವೈದ್ಯೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನ್ಯಾಯವೈದ್ಯಶಾಸ್ತ್ರವನ್ನು ಕ್ರಮವಾಗಿ ಓದಿದವರು. ಎಲ್ಲ ಕೇಳಿ, "ಅಂದ್ರೆ ನಿಮ್ಮ ಸರ್ಟಿಫಿಕೇಟು ತಪ್ಪು ಅಂತೀರಾ ಸರ್?" ಅಂದರು.

"ತಪ್ಪು ಅಂತಲ್ಲ," ಅಂದೆ. "ಸಂಬಂಧಿಕರಿಗೆ ಅನುಮಾನ ಉಂಟು. ಅದನ್ನ ನಿವಾರಿಸುವುದು ಒಳ್ಳೇದು."

ಹೂತ ಹೆಣ ತೆಗೆಯಬೇಕಾದರೆ ಸಂಬಂಧಿಕರಿಂದಲೇ ಅರ್ಜಿ ಬರಲಿ ಅಂದರು. ಅನುಮಾನವನ್ನೆಲ್ಲ ಹುಡುಗಿಯ ತಲೆಗೆ ಕಟ್ಟಿ, ನನ್ನ ಸಹಿಯನ್ನು ಗಂಧ ಅಕ್ಷತೆ ಸಮೇತ ಕಾಪಾಡಿಕೊಂಡು ಅಂಕೋಲೆಗೆ ಮರಳಿದೆ. ಹುಡುಗಿಯ ಅರ್ಜಿಯ ಮೇಲೆ ಹೂತ ಹೆಣ ತೆಗೆಯಲು ಅಪ್ಪಣೆ ಬರಲು ಮೂರು ವಾರ ಹಿಡಿಯಿತು.

ಹಿಲ್ಲೂರಿನ ಆ ಜಾಗ ಕಾಡಂಚಿನ ಕೆಂಪು ಮಣ್ಣಿನ ಇಳಿಜಾರು. ಬಿಸಿಲೇರುವ ಮೊದಲೇ ಅಗೆಯಬೇಕೆಂಬ ನಿಯಮದಂತೆ ಏಳು ಗಂಟೆಗೆ ಸೇರಿದೆವು. ಅಧ್ಯಕ್ಷತೆ ತಹಶೀಲ್ದಾರರದು, ಅವರು ಮೂಗಿಗೆ ಕರವಸ್ತ್ರ ಹಿಡಿದು, ಗಾಳಿಯ ದಿಕ್ಕು ತಿಳಿದುಕೊಂಡು, ಅಧ್ಯಕ್ಷತೆಯನ್ನು ಸಾಕಷ್ಟು ದೂರದಿಂದ ವಹಿಸಿದರು. ಕೆಲಸ ಮಾಡಿದ್ದು ವೈದ್ಯೆ, ಮತ್ತು ಅವರೊಂದಿಗೆ ಬಂದ ಕೋಡಿಬಾಗದ ಶವಾಗಾರ ಸಹಾಯಕ. ಮನೆಯಲ್ಲಿ ಕೊಂಕಣಿ, ಕೆಲಸದಲ್ಲಿ ಕನ್ನಡ, ಬೈಯುವಾಗ ಎರಡೂ.

ಗುಂಡಿಯ ಮೇಲಿನ ಮಣ್ಣು ಒಂದು ಬಾಟಲಿ, ಪಕ್ಕದ್ದು ಒಂದು, ಹೆಣದ ಕೆಳಗಿನದು ಒಂದು, ದೂರದ ಮುಟ್ಟದ ನೆಲದ್ದು ಒಂದು. ದೇಹದಲ್ಲಿ ಏನಾದರೂ ಸಿಕ್ಕರೆ ಅದು ಮಣ್ಣಿನಿಂದ ಬಂದದ್ದಲ್ಲವೆಂದು ತೋರಿಸಲು ಇದು ಬೇಕು. ನಾಲ್ಕನೇ ಬಾಟಲಿಗೆ ಚೀಟಿ ಅಂಟಿಸುವಾಗ ಸಹಾಯಕನ ತಾಳ್ಮೆ ಮುಗಿಯಿತು.

"ಅರೆ ದೇವಾ! ಬಾಯೀ, ಹೆಣ ಒಂದು, ಬಾಟ್ಲಿ ಮಣ್ಣಿಗೇ ನಾಲ್ಕು. ಮಣ್ಣು ಸತ್ತದ್ದಾ, ಹೆಂಗ್ಸು ಸತ್ತದ್ದಾ?"

"ನೀನು ಬರೆದದ್ದು ಓದೋಕೆ ಬರದೆ ನಾನು ಸಾಯ್ತೇನೆ. ನೆಟ್ಟಗೆ ಬರಿ," ಅಂದರು ವೈದ್ಯೆ.

ಮಾವ ಸೀರೆಯ ಅಂಚು ನೋಡಿ ಗುರುತಿಸಿದ. ತಂಗಿ ಕಾಲುಂಗುರ ನೋಡಿ ಗುರುತಿಸಿದಳು, ಗುರುತಿಸಿ ಆ ಕಡೆ ತಿರುಗಿ ನಿಂತಳು, ಹೋಗಲಿಲ್ಲ. ಐದು ವಾರದ ದೇಹದ ವರ್ಣನೆ ಇಲ್ಲಿ ಬೇಡ. ಲಿವರ್ ಮೆತ್ತಗಾಗಿದ್ದರೂ ಇತ್ತು. ಪಾದಗಳು, ಆ ಒಣ ಇಳಿಜಾರಿನ ದಯೆಯಿಂದ, ನಾವು ಹೆದರಿದ್ದಕ್ಕಿಂತ ಚೆನ್ನಾಗಿದ್ದವು. ಜಠರ, ಲಿವರ್, ಮೂತ್ರಪಿಂಡಗಳನ್ನು ಉಪ್ಪಿನ ಗಾಢ ದ್ರಾವಣದಲ್ಲಿ ತುಂಬಿದರು. ಎಡಗಂಟಿನ ಚರ್ಮವನ್ನು ಕೆಳಗಿನ ಕೊಬ್ಬು ಸಮೇತ ಕತ್ತರಿಸಿ ಬೇರೆ ಜಾಡಿಗೆ ಹಾಕಿದರು. ಆಮೇಲೆ ಬಲಗಂಟಿನಿಂದಲೂ ಅಷ್ಟೇ ಅಗಲದ ತುಂಡು, ಹೋಲಿಸಿ ನೋಡಲು. ಪ್ರತಿ ಜಾಡಿಗೆ ಬಟ್ಟೆ, ದಾರ, ಅರಗು, ಮುದ್ರೆ.

ಕೊನೆಗೆ ಘಟ್ಟದ ಮೇಲಿನ ಪ್ರಯೋಗಾಲಯಕ್ಕೆ ಹೋಗುವ ನಮೂನೆ ತುಂಬಬೇಕು. 'ಯಾವುದರ ಬಗ್ಗೆ ಪರೀಕ್ಷೆ' ಎಂಬ ಅಂಕಣದಲ್ಲಿ ವೈದ್ಯೆಯ ಪೆನ್ನು ನಿಂತಿತು. ನನ್ನ ಕಡೆ ನೋಡಿದರು.

"ಸರ್, ನೀವೇನಾದ್ರೂ ಹೇಳೋದಿದ್ರೆ ಈಗ ಹೇಳಿ."

ತಹಶೀಲ್ದಾರರು ದೂರದಿಂದಲೇ, "ಸರ್ಟಿಫಿಕೇಟಿನಲ್ಲಿ ಇದ್ದಂಗೇ ಬರೀರಿ, ಗೊಂದಲ ಬೇಡ" ಅಂದರು. ನಾನು ಬಾಟಲಿಗಳನ್ನು ಎಣಿಸುತ್ತಿದ್ದವನಂತೆ ನಿಂತೆ. 'ಹಾವಿನ ವಿಷ ಹಾಗೂ ಸಾಮಾನ್ಯ ವಿಷಗಳು' ಎಂದು ಅಂಕಣ ತುಂಬಿತು. ನನ್ನ ನಾಲ್ಕು ನಿಮಿಷದ ತಪ್ಪಿಗೆ ಈಗ ಮೂರು ಪ್ರತಿ, ಐದು ಮುದ್ರೆ, ಒಬ್ಬ ಪೊಲೀಸ್ ಬೆಂಗಾವಲು.

ವರದಿ ಬಂದದ್ದು ಎಪ್ರಿಲ್ ಕೊನೆಗೆ. ಹಾವಿನ ವಿಷ ಕಂಡುಬಂದಿಲ್ಲ. ಕೀಟನಾಶಕ, ಲೋಹ, ಸಸ್ಯವಿಷ ಕಂಡುಬಂದಿಲ್ಲ. ಹಾವಿನ ವಿಷ ಐದು ವಾರದಲ್ಲಿ ಕೊಳೆತುಹೋಗಿರಬಹುದು, ಆದ್ದರಿಂದ ಅದು ಇರಲಿಲ್ಲವೆಂದೂ ಹೇಳಲಾಗದು ಎಂಬ ಅಡಿಟಿಪ್ಪಣಿ ಬೇರೆ. ಹಿಲ್ಲೂರು ಓದಿಕೊಂಡದ್ದು ಒಂದೇ: ಅಳಿಯ ಶುದ್ಧ.

ಎರಡು ದಿನ ಬಿಟ್ಟು ಅಳಿಯನೇ ನನ್ನ ಕೋಣೆಗೆ ಬಂದ. ಇಸ್ತ್ರಿ ಮಾಡಿದ ಶರ್ಟು. ಬಗ್ಗಿ ಕಾಲು ಮುಟ್ಟಿದ. ನಾನು ಕಾಲು ಎಳೆದುಕೊಳ್ಳಲಿಲ್ಲ, ಅಷ್ಟು ಬೇಗ ಹೊಳೆಯಲಿಲ್ಲ.

"ಎಲ್ಲ ಕ್ಲಿಯರ್ ಆಯ್ತು ಸರ್. ನೀವು ಮೊದಲ ದಿನವೇ ಸರಿಯಾಗಿ ಬರೆದಿದ್ರಿ. ಜನಕ್ಕೆ ಅರ್ಥ ಆಗಲ್ಲ." ಕುಂಕುಮ ಹಚ್ಚಿದ ಕಾಗದವೊಂದನ್ನು ಮೇಜಿನ ಮೇಲಿಟ್ಟ. "ಜೂನ್ ಮೊದಲ ವಾರ. ದೇವಸ್ಥಾನದಲ್ಲೇ, ಸರಳವಾಗಿ. ತಾವು ಬರಲೇಬೇಕು."

"ಹುಡುಗಿ ಒಪ್ಪಿದ್ದಾಳಾ?"

"ಒಪ್ಪದೇ ಏನು ಸರ್. ಸ್ವಲ್ಪ ನಿಶ್ಶಕ್ತಿ ಅಷ್ಟೇ ಅವಳಿಗೆ. ಮದುವೆ ಆದ್ಮೇಲೆ ಒಂದು ಕೋರ್ಸು ಇಂಜೆಕ್ಷನ್ ಹಾಕಿದ್ರೆ ಸರಿಹೋಗ್ತಾಳೆ."

ಅವನು ಅಷ್ಟು ಸಹಜವಾಗಿ ಹೇಳಿದ. ಅವನ ಬೆರಳುಗಳನ್ನು ನೋಡಿದೆ: ಸ್ವಚ್ಛ, ಉಗುರು ಕತ್ತರಿಸಿದ, ಥಿಯೇಟರಿನ ಬೆರಳುಗಳು. ಈ ಬೆರಳುಗಳು ನನಗೇ ಎಷ್ಟೋ ಸಲ ಸಿರಿಂಜು ತುಂಬಿಸಿ ಕೊಟ್ಟಿವೆ. ಏನೇನು ತುಂಬಿಸಿದ್ದವು ಎಂದು ನೆನಪಿಸಿಕೊಳ್ಳಲು ತೊಡಗಿದೆ. ಅವನು ಹೋದದ್ದು ತಿಳಿಯಲಿಲ್ಲ.

ಅವತ್ತು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಹೊಸ ಕಾಗದ ತೆಗೆದು, ನನ್ನ ಕೈಬರಹದಲ್ಲೇ ಬರೆದೆ. ಇಂಥ ದಿನ ನಾನು ಕೊಟ್ಟ ಅಭಿಪ್ರಾಯ ತಪ್ಪು. ಗಾಯದ ದಿಕ್ಕನ್ನು ನಾನು ಗಮನಿಸಿರಲಿಲ್ಲ. ಅದು ರಕ್ತನಾಳದ ನೇರಕ್ಕಿತ್ತು. ಲಕ್ಷಣಗಳು ಯಾವ ಹಾವಿಗೂ ಹೊಂದುವುದಿಲ್ಲ. ಮೃತಳ ಗಂಡನ ವೃತ್ತಿ ನನಗೆ ಗೊತ್ತಿತ್ತು, ಆ ಪರಿಚಯದಿಂದಲೇ ನಾನು ಶವಪರೀಕ್ಷೆಗೆ ಒತ್ತಾಯಿಸಲಿಲ್ಲ. ಆಮೇಲೆ ಥಿಯೇಟರಿನ ಟ್ರೇಯಲ್ಲಿರುವ ಅರಿವಳಿಕೆ ಔಷಧಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಎಡಗಂಟಿನ ತುಂಡನ್ನು ಮತ್ತು ಲಿವರನ್ನು ಇವುಗಳಿಗಾಗಿ ಪರೀಕ್ಷಿಸಬೇಕೆಂದು ಕೋರಿದೆ. ಆ ಪರಿಚಯದ ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ನಿವೃತ್ತಿಗೆ ಮೂರು ವರ್ಷ ಇದ್ದವನು ಬರೆಯುವ ಸಾಲಲ್ಲ ಅದು.

ಕಾರವಾರದ ವೈದ್ಯೆ ಅದನ್ನು ನಿಂತಲ್ಲೇ ಓದಿದರು. ಹೊಗಳಲಿಲ್ಲ. "ಇದನ್ನ ಹಿಲ್ಲೂರಲ್ಲೇ ಹೇಳಿದ್ರೆ ಎರಡು ತಿಂಗಳು ಉಳೀತಿತ್ತು ಸರ್" ಅಂದು, ಪೊಲೀಸರ ಮೂಲಕ ಅದೇ ದಿನ ಕಳಿಸುವ ವ್ಯವಸ್ಥೆ ಮಾಡಿ, ಪ್ರಯೋಗಾಲಯಕ್ಕೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

ಆ ಕಡೆಯ ರಸಾಯನಶಾಸ್ತ್ರಜ್ಞರು ಧಾರವಾಡದ ಕಡೆಯವರು.

"ಅಲ್ರೀ ಡಾಕ್ಟ್ರ, ನೀವು ಕಾಗದದಾಗ ಹಾವು ಅಂತ ಬರದೀರಿ. ನಾವು ಹಾವು ಹುಡುಕಿದಿವಿ. ಹಾವು ಸಿಗಲಿಲ್ಲ. ಕಾಲಿನ ಜಾಡಿ ಹಾವಿನ ವಿಷದ ವಿಭಾಗಕ್ಕ ಹೋಗಿ ಹಂಗ ವಾಪಸ್ ಬಂತು. ಹೆಸರ ಹೇಳದಿದ್ರ ನಾವೇನು ಜ್ಯೋತಿಷ್ಯ ಹೇಳೂದೇನ್ರಿ?"

"ಮಾಲು ಉಳಿದಿದೆಯಾ?"

"ಅರ್ಧ ತಗೊಂಡು ಅರ್ಧ ಇಟ್ಟೇವಿ. ಅದು ನಮ್ಮ ಪದ್ಧತಿ. ಬಲಗಾಲಿಂದು ಕಳಿಸೀರಿ, ಛಲೋ ಮಾಡೀರಿ. ಆದರ ನನ್ನ ಮುಂದ ಸರತಿ ಭಾಳ ಐತಿ. ಆರು ತಿಂಗಳಂತೂ ಬೇಕು."

ಮೇ ನಡೆಯುತ್ತಿತ್ತು. ಮದುವೆಗೆ ಐದು ವಾರವಿತ್ತು. ಹುಡುಗಿಯ ವಿಷಯ ಹೇಳಿದೆ. ಇಂಜೆಕ್ಷನ್ ಕೋರ್ಸಿನ ಮಾತನ್ನೂ ಹೇಳಿದೆ. ಆ ಕಡೆ ರಿಜಿಸ್ಟರಿನ ಹಾಳೆ ತಿರುವಿದ ಸದ್ದು.

"ಆತು ಬಿಡ್ರಿ," ಅಂದರು. "ಸರತಿ ಮುರೀತೇನಿ. ಸಾಹೇಬ್ರು ಬೈದ್ರ ನಿಮ್ಮ ಹೆಸರ ಹೇಳತೇನಿ."

ಕಾದೆವು. ಅವರು ಮಾಡಿದ್ದನ್ನು ಆಮೇಲೆ ನನಗೆ ವಿವರಿಸಿದರು. ಕಾಲಿನ ತುಂಡನ್ನು ಅರೆದು, ಆಮ್ಲ ಬೆರೆಸಿ, ಈಥರಿಗೆ ಇಳಿಸಿ, ಶೋಧಿಸಿ, ಆವಿಯಾಗಿಸಿ ಉಳಿದ ಹನಿಯನ್ನು ಲೇಪ ಹಚ್ಚಿದ ಗಾಜಿನ ಫಲಕದ ತಳದಲ್ಲಿ ಚುಕ್ಕಿಯಿಡುತ್ತಾರೆ. ಪಕ್ಕದಲ್ಲಿ ಬಲಗಾಲಿನದು, ಲಿವರಿನದು, ಮಣ್ಣಿನದು, ಮತ್ತು ಶುದ್ಧ ಔಷಧದ್ದು. ದ್ರವ ಮೇಲೇರುತ್ತ ಚುಕ್ಕಿಗಳನ್ನು ಎಳೆದೊಯ್ಯುತ್ತದೆ. ಒಂದೇ ವಸ್ತುವಾದರೆ ಒಂದೇ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಮೊದಲ ಫಲಕ ಕೊಳೆತ ಕೊಬ್ಬಿನಿಂದ ಮಸುಕಾಗಿ ಹಾಳಾಯಿತು. ಎರಡನೆಯದರಲ್ಲಿ ಸಂಶಯ. ಕೊಬ್ಬು ತೆಗೆದು ಮೂರನೇ ಸಲ ಮಾಡಿ, ಅದನ್ನು ಬೆಳಕಿನ ಹೀರಿಕೆ ಅಳೆಯುವ ಯಂತ್ರದಲ್ಲೂ ನೋಡಿ, ಮದುವೆಗೆ ಎರಡು ದಿನವಿದ್ದಾಗ ಕಾರವಾರಕ್ಕೆ ಫೋನು ಮಾಡಿದರು. ಬೆನ್ನಿಗೇ ಫ್ಯಾಕ್ಸು.

ಎಡಗಂಟಿನಲ್ಲಿ ಥಯೊಪೆಂಟೋನ್, ಅಂದರೆ ರೋಗಿಯನ್ನು ಕ್ಷಣಗಳಲ್ಲಿ ಮಲಗಿಸಲು ನಾವು ನಾಳಕ್ಕೆ ಕೊಡುವ ಔಷಧ. ಲಿವರಿನಲ್ಲಿ ಅದೇ, ಜೊತೆಗೆ ಅದು ಕಾಲಕ್ರಮದಲ್ಲಿ ಮಾರ್ಪಟ್ಟು ಉಂಟಾಗುವ ಇನ್ನೊಂದು ವಸ್ತು. ಬಲಗಂಟಿನಲ್ಲಿ ಇಲ್ಲ. ನಾಲ್ಕೂ ಬಾಟಲಿ ಮಣ್ಣಿನಲ್ಲಿ ಇಲ್ಲ. ಮೊದಲ ಸೂಜಿ ತಪ್ಪಿ ನಾಳದ ಹೊರಗೆ ಸೋರಿದ್ದು ಅಲ್ಲೇ ಉಳಿದಿತ್ತು. ಬಾಳೆಗುಳಿಯ ಸ್ಮಶಾನದಲ್ಲಿ ಕಟ್ಟಿಗೆಯ ಮೇಲೆ ಹೋಗಿದ್ದರೆ, ನನ್ನ ಉಪನ್ಯಾಸದಂತೆ, ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಹಾವಿನ ಕತೆ ಕಟ್ಟುವಾಗ ಅವನು ಹೆಂಡತಿಯ ತವರಿನ ಪದ್ಧತಿಯೊಂದನ್ನು ಕೇಳಿಕೊಂಡಿರಲಿಲ್ಲ.

ಪೊಲೀಸರು ಅವನನ್ನು ಥಿಯೇಟರಿನಿಂದಲೇ ಕರೆದೊಯ್ದರು. ಮುಂದೆ ಕಾರವಾರದ ಕೋರ್ಟಿನಲ್ಲಿ ನನ್ನ ಎರಡೂ ಕಾಗದಗಳನ್ನು ಅಕ್ಕಪಕ್ಕ ಹಿಡಿದು, ಇವೆರಡರಲ್ಲಿ ಯಾವ ಡಾಕ್ಟರನ್ನು ನಂಬಬೇಕು ಎಂದು ಅವನ ವಕೀಲರು ಒಂದು ದಿನ ಪೂರ್ತಿ ಕೇಳಿದರು. ಎರಡನೆಯವನನ್ನು ನಂಬಿದ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಇಲಾಖೆಯು ಮೊದಲನೆಯವನಿಗೆ ಒಂದು ನೋಟಿಸು ಕೊಟ್ಟಿತು. ಎರಡೂ ಸರಿಯೇ.

ಆದರೆ ಫ್ಯಾಕ್ಸು ಬಂದ ಮಧ್ಯಾಹ್ನ ನಾನು ಸಬ್ ಇನ್‌ಸ್ಪೆಕ್ಟರರ ಜೀಪಿನಲ್ಲಿ ಹಿಲ್ಲೂರಿಗೆ ಹೋದೆ. ಹೋಗಬೇಕೆಂದೇನೂ ಇರಲಿಲ್ಲ. ಅಂಗಳದಲ್ಲಿ ಚಪ್ಪರದ ಗೂಟ ನೆಟ್ಟಿದ್ದರು, ಮೇಲೆ ಇನ್ನೂ ಏನೂ ಹೊದಿಸಿರಲಿಲ್ಲ. ಸಬ್ ಇನ್‌ಸ್ಪೆಕ್ಟರರು ಮಾವನನ್ನು ಬದಿಗೆ ಕರೆದು ಹೇಳಿದರು. ಮಾವ ನಿಂತಲ್ಲೇ ಕುಕ್ಕರುಗಾಲಲ್ಲಿ ಕೂತ. "ನಾನೇ ಕೊಡ್ತಿದ್ನಲ್ರಾ," ಅಂದ. "ನನ್ ಕೈಯಾರೆ." ಒಂದೇ ಮಾತನ್ನು ಮೂರು ನಾಲ್ಕು ಸಲ ಹೇಳಿದ.

ಹುಡುಗಿ ಹಿತ್ತಲಲ್ಲಿ ಮಗುವಿನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ನಾನೇ ಹೇಳಿದೆ. ಹಾವಲ್ಲ ಅಂದೆ. ಮದ್ದಿನ ಹೆಸರು ಹೇಳಿದೆ. ನಿದ್ದೆ ಬಂದಂತೆ ಬಂದಿರುತ್ತದೆ, ನೋವು ತಿಳಿದಿರಲಿಕ್ಕಿಲ್ಲ ಎಂದೂ ಹೇಳಿದೆ. ಇದು ವೈದ್ಯರು ತಮ್ಮ ಸಮಾಧಾನಕ್ಕೆ ಹೇಳುವ ಮಾತು. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಅಳಲಿಲ್ಲ. ಮಗುವಿನ ಕಿವಿಯ ಹಿಂದೆ ಎಣ್ಣೆ ಹಚ್ಚುತ್ತ ಕೇಳಿದಳು.

"ನನ್ ಸಲುವಾಗಾ ಡಾಕ್ಟ್ರೇ?"

"ಎಂತದು?"

"ಅವ ಅಕ್ಕನ ಕೊಂದದ್ದು. ನನ್ನ ಮದ್ವಿ ಆಗೂಕಾ?"

ಪೊಲೀಸರು ಹಾಗೇ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಛೆ, ಹಾಗೇನಿಲ್ಲ ಅನ್ನುವ ಮಾತು ಸಿದ್ಧವಾಗಿ ನಾಲಿಗೆಯ ತುದಿಗೇ ಬಂದಿತ್ತು. ಅಂಥ ಮಾತಿಗೆ ನನಗೆ ನಾಲ್ಕು ನಿಮಿಷವೂ ಬೇಡ. ಘಟ್ಟದ ಮೇಲಿನ ಆ ಗಾಜಿನ ಫಲಕದ ಮೇಲೆ ಇದಕ್ಕೆ ಚುಕ್ಕಿಯಿಡುವ ಕ್ರಮವಿಲ್ಲ.

"ಗೊತ್ತಿಲ್ಲ," ಅಂದೆ.

ಅವಳು ತಲೆಯೆತ್ತಿ ನೋಡಿದಳು. ಸಿಟ್ಟಿರಲಿಲ್ಲ.

"ಇದೇ ಮಾತು ಅವತ್ತ್ ಹೇಳಿದ್ರೆ ಆಗಿತ್ತು," ಅಂದಳು. ಮಗುವನ್ನು ಎತ್ತಿಕೊಂಡು ಮೀಯಿಸಲು ಬಚ್ಚಲಿಗೆ ಹೋದಳು.